ಲಬ್ ಯಾವ್ದು, ಡಬ್ ಯಾವ್ದು? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಎಲ್ಲ ಒಟ್ಟು ಹಾಕಿ ನೋಡಿದ್ರೆ ಅರ್ಧಕ್ಕರ್ಧ ಎದೆ ಸದ್ದಿನ ಬಗ್ಗೆನೇ ಇದೆ. ಹಿಂದೊಮ್ಮೆ ಬಿಪಿ ಬಗ್ಗೆ ಬರೆಯೋವಾಗ ನಾನೇ 'ಸ್ಟೆಥಾಸ್ಕೋಪಲ್ಲಿ ನಾವು ಏನು ಕೇಳ್ತೀವಿ ಅಂತ ಇನ್ನೊಮ್ಮೆ ಹೇಳ್ತೀನಿ' ಅಂದಿದ್ದೆ, ನಾನು ಮರ್ತೆ, ನೀವು ಮರ್ತಿಲ್ಲ. ಸರಿ, ಈ ತಿಂಗಳು ಅದೇ. ಸಕ್ಕರೆ ಕಾಯಿಲೆಯವರು, ಮಂಡಿನೋವಿನವರು ಒಂದು ತಿಂಗಳು ಕಾಯ್ಬೇಕು, ಬೈಬೇಡಿ.

ಮಗ ಒಂಬತ್ತನೇ ಕ್ಲಾಸು. ಹೃದಯ ಹಿಂಡಿದಾಗ ಲಬ್, ಸಡಿಲ ಆದಾಗ ಡಬ್ ಅಂತ ನಾನು ಹೇಳಿಕೊಟ್ಟೆ. ಟ್ಯೂಷನ್ ಟೀಚರ್ ತಪ್ಪು ಅಂದ್ರಂತೆ. ಮಗನ ಮುಂದೆ ನನ್ನ ಮರ್ಯಾದೆ ಹೋಯ್ತು. ಯಾರು ಸರಿ ಹೇಳಿ.
ಗೃಹಿಣಿ, ಡೊಂಬಿವಲಿ

ಟೀಚರ್ ಸರಿ ಅಮ್ಮ. ಆದ್ರೆ ನಿಮ್ಮದು ಪೂರ್ತಿ ತಪ್ಪು ಅಂತ ಹೇಳಲ್ಲ, ನೀವು ಹೇಳಿದ ಟೈಮಿಂಗ್ ಸರಿ ಇದೆ, ಕಾರಣ ಮಾತ್ರ ಬೇರೆ. ಸ್ಟೆಥಾಸ್ಕೋಪ್ ಕಂಡುಹಿಡಿದ ಲೆನೆಕ್ ಅನ್ನೋ ಫ್ರೆಂಚ್ ಡಾಕ್ಟರೇ ಹೆಚ್ಚುಕಮ್ಮಿ ನಿಮ್ಮ ಹಾಗೇ ಅಂದ್ಕೊಂಡಿದ್ರು: ಮೊದಲ ಸದ್ದು ಕೆಳಗಿನ ಕೋಣೆ ಹಿಂಡಿದ್ದು, ಎರಡನೇದು ಮೇಲಿನ ಕೋಣೆ ಹಿಂಡಿದ್ದು ಅಂತ. ಆಮೇಲೆ 1832ರಲ್ಲಿ ಪ್ಯಾರಿಸ್ಸಿನ ರೂಆನೆ ಅನ್ನೋರು ಬಂದು ಇದು ಹಿಂಡೋ ಸದ್ದಲ್ಲ ಮಾರಾಯ್ರೆ, ಬಾಗಿಲು ಮುಚ್ಚೋ ಸದ್ದು ಅಂತ ಹೇಳಿದ್ರು. ಮಗನಿಗೆ ಇದನ್ನ ಹೇಳಿ, ಮರ್ಯಾದೆ ವಾಪಸ್ ಬರತ್ತೆ.

ಈಗ ಬಾಗಿಲ ಕಥೆ. ಹೃದಯದಲ್ಲಿ ನಾಲ್ಕು ಕೋಣೆ, ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಮೇಲಿಂದ ಕೆಳಗೆ ಹೋಗೋ ದಾರೀಲಿ ಎರಡು ವಾಲ್ವು (ಎಡಗಡೆ ಮೈಟ್ರಲ್, ಬಲಗಡೆ ಟ್ರೈಕಸ್ಪಿಡ್), ಕೆಳಗಿನ ಕೋಣೆಯಿಂದ ಆಚೆ ದೊಡ್ಡ ರಕ್ತನಾಳಕ್ಕೆ ಹೋಗೋ ದಾರೀಲಿ ಇನ್ನೆರಡು, ಮೈಗೆಲ್ಲ ರಕ್ತ ಕಳಿಸೋ ಕಡೆ ಅಯೋರ್ಟಿಕ್, ಶ್ವಾಸಕೋಶಕ್ಕೆ ಕಳಿಸೋ ಕಡೆ ಪಲ್ಮನರಿ. ನಾಲ್ಕೂ ಒಂದೇ ಕಡೆಗೆ ತೆರೆಯೋ ಬಾಗಿಲು. ಊರಲ್ಲಿ ತೋಟದ ಬಾವಿಗೆ ಪಂಪ್‌ಸೆಟ್ ಇದ್ದೋರಿಗೆ ಫುಟ್ ವಾಲ್ವ್ ಗೊತ್ತಿರತ್ತಲ್ಲ, ನೀರು ಮೇಲೆ ಹೋಗತ್ತೆ, ವಾಪಸ್ ಬರೋಕೆ ಬಿಡಲ್ಲ, ಇದೂ ಅದೇ. ಇದನ್ನ ಯಾರೂ ತೆಗೆದು ಹಾಕಿ ಮಾಡಲ್ಲ, ಒತ್ತಡ ಯಾವ ಕಡೆ ಜಾಸ್ತಿಯೋ ಅದರ ಪ್ರಕಾರ ತಾನಾಗೇ ತೆರೀತದೆ, ಮುಚ್ಚತ್ತೆ.

ಕೆಳಗಿನ ಕೋಣೆ ಹಿಂಡೋಕೆ ಶುರು ಮಾಡಿದ ಕೂಡ್ಲೆ ರಕ್ತ ಮೇಲಕ್ಕೆ ವಾಪಸ್ ಹೋಗೋಕೆ ನೋಡತ್ತೆ, ಆಗ ಮೈಟ್ರಲ್, ಟ್ರೈಕಸ್ಪಿಡ್ ಎರಡೂ ಮುಚ್ಚಿಕೊಳ್ಳತ್ತೆ. ಅದು ಲಬ್. ಹಿಂಡಿ ಮುಗಿದು ಕೋಣೆ ಸಡಿಲ ಆಗೋವಾಗ ಆಚೆ ಹೋದ ರಕ್ತ ಹಿಂದಕ್ಕೆ ಬರೋಕೆ ನೋಡತ್ತೆ, ಆಗ ಅಯೋರ್ಟಿಕ್, ಪಲ್ಮನರಿ ಮುಚ್ಚತ್ತೆ. ಅದು ಡಬ್.

ಇಲ್ಲಿ ಒಂದು ಸೂಕ್ಷ್ಮ ಇದೆ, ಟ್ಯೂಷನ್ ಟೀಚರೂ ಹೇಳಿರಲಿಕ್ಕಿಲ್ಲ. ವಾಲ್ವಿನ ಪದರ ಅಂದ್ರೆ ತೆಳು ಬಟ್ಟೆ ಥರ ಇರೋದು, ಅದೂ ರಕ್ತದೊಳಗೆ ಮುಳುಗಿ ಕೂತಿರೋದು, ಎರಡು ಒದ್ದೆ ಬಟ್ಟೆ ಒಂದಕ್ಕೊಂದು ತಾಗಿದ್ರೆ ಎಷ್ಟು ಸದ್ದು ಬಂದೀತು? ಹಾಗಾದ್ರೆ ಇಷ್ಟು ಸದ್ದು ಎಲ್ಲಿಂದ? ನಾಳೆ ಬೆಳಗ್ಗೆ ನಿಮ್ಮ ಬಿಲ್ಡಿಂಗಿಗೆ ನೀರು ಬಿಟ್ಟಾಗ ಒಂದು ಕೆಲ್ಸ ಮಾಡಿ. ನಲ್ಲಿ ಫುಲ್ ಬಿಡಿ, ಡ್ರಮ್ಮಿಗೆ ಭರ್ರಂತ ಬೀಳ್ತಾ ಇರ್ಲಿ, ಆಮೇಲೆ ಆ ಹಿಡಿಯನ್ನ ಒಂದೇ ಏಟಿಗೆ ಥಟ್ ಅಂತ ಮುಚ್ಚಿ. ಗೋಡೆಯೊಳಗೆಲ್ಲೋ ಪೈಪು 'ದಡ್' ಅನ್ನತ್ತೆ, ಹಳೇ ಚಾಳುಗಳಲ್ಲಂತೂ ಪಕ್ಕದ ಖೋಲಿಯವರು ಎದ್ದು ಕೂರ್ತಾರೆ. ಆ ದಡ್ ಅನ್ನೋದು ನಲ್ಲಿಯ ಸದ್ದಲ್ಲ, ಜೋರಾಗಿ ಓಡ್ತಿದ್ದ ನೀರು ಗಕ್ಕನೆ ನಿಂತು ಇಡೀ ಪೈಪು ಅದುರಿದ ಸದ್ದು. ಎದೇಲೂ ಹಾಗೇ, ವಾಲ್ವು ಮುಚ್ಚಿ ಬಿಗಿಯಾದಾಗ ರಕ್ತ ಗಕ್ಕನೆ ತಡೆದು ನಿಲ್ಲತ್ತೆ, ವಾಲ್ವು, ರಕ್ತ, ಹೃದಯದ ಗೋಡೆ, ಪಕ್ಕದ ನಾಳ ಎಲ್ಲ ಸೇರಿ ಅದುರತ್ತೆ, ಆ ಅದುರು ಎದೆಗೂಡಿಗೆ ಬಂದು ನಮ್ಮ ಕಿವಿಗೆ ಸಿಗತ್ತೆ.

ಬಾಗಿಲು ತೆರೆಯೋವಾಗ ಸದ್ದಿಲ್ಲ. ಆರೋಗ್ಯವಾಗಿರೋ ವಾಲ್ವು ತೆರೆಯೋದು ಸ್ಟೆಥಾಸ್ಕೋಪಿಗೂ ಕೇಳಿಸಲ್ಲ. ತೆರೆಯೋ ಸದ್ದು ಕೇಳಿಸ್ತು ಅಂದ್ರೇನೇ ಏನೋ ಇದೆ ಅಂತ. ನಾನು ಕಲಿಯೋವಾಗ ನಮ್ಮ ವಾರ್ಡಲ್ಲಿ ಚಿಕ್ಕಂದಿನಲ್ಲಿ ರೂಮ್ಯಾಟಿಕ್ ಜ್ವರ ಬಂದು ಮೈಟ್ರಲ್ ವಾಲ್ವು ದಪ್ಪ ಆಗಿ ಅಂಟಿಕೊಂಡ ಹುಡುಗೀರು ತುಂಬ ಇರ್ತಿದ್ರು, ಅವರಲ್ಲಿ ಡಬ್ ಆದ ಮೇಲೆ ಚಟಕ್ ಅಂತ ಒಂದು ಸಣ್ಣ ಸದ್ದು, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಅಂಥವರಲ್ಲಿ ಲಬ್ ಕೂಡ ಎಷ್ಟೋ ಸಲ ಜೋರಾಗಿರತ್ತೆ.

ಇನ್ನು ಲೆಕ್ಕ. ನಿಮಿಷಕ್ಕೆ 75 ಬಡಿತ ಅಂದ್ರೆ ಒಂದು ಬಡಿತಕ್ಕೆ 0.8 ಸೆಕೆಂಡು. ಲಬ್‌ನಿಂದ ಡಬ್‌ಗೆ ಸುಮಾರು 0.3, ಡಬ್‌ನಿಂದ ಮುಂದಿನ ಲಬ್‌ಗೆ ಸುಮಾರು 0.5. ಅದಕ್ಕೇ 'ಲಬ್‌ಡಬ್... ಲಬ್‌ಡಬ್...' ಅಂತ ಜೋಡಿ ಜೋಡಿಯಾಗಿ ಕೇಳತ್ತೆ. ಲಬ್ ಸ್ವಲ್ಪ ಉದ್ದ, ದಪ್ಪ ದನಿ, ಸುಮಾರು 0.14 ಸೆಕೆಂಡು, ಡಬ್ ಗಿಡ್ಡ, ಚುರುಕು, 0.11. ಓಡಿ ಬಂದಾಗ, ಹೆದರಿದಾಗ ಏನಾಗತ್ತೆ ಅಂದ್ರೆ ಆ ಉದ್ದನೆ ಗ್ಯಾಪೇ ಜಾಸ್ತಿ ಕಮ್ಮಿಯಾಗೋದು, ಕೊನೆಗೆ ಎರಡು ಗ್ಯಾಪೂ ಹೆಚ್ಚುಕಮ್ಮಿ ಸಮ, ಜೋಡಿ ಗೊತ್ತಾಗಲ್ಲ, ಲಬ್ ಬೇರೆ ಜೋರು. ನಮ್ಮೋರು 'ಎದೆ ಡವಡವ ಅಂತು' ಅಂತಾರಲ್ಲ, ಸರಿಯಾಗಿ ಕಿವಿಗೊಟ್ಟೇ ಹುಟ್ಟಿಸಿದ ಪದ ಅದು, ಪುಸ್ತಕದ ಲಬ್ ಡಬ್‌ಗಿಂತ ನಂಗೆ ಅದೇ ಇಷ್ಟ.

ವಾಲ್ವು ನಾಲ್ಕು ಅಂತೀರಿ, ಸದ್ದು ಎರಡು ಅಂತೀರಿ. ಉಳಿದೆರಡು ಎಲ್ಲಿ ಹೋಯ್ತು?
ನಿವೃತ್ತ ರಾತ್ರಿಶಾಲೆ ಮಾಸ್ತರು, ವಡಾಲಾ

ಮಾಸ್ಟ್ರೇ, ಇದೇ ಪ್ರಶ್ನೆ ಎಂಬಿಬಿಎಸ್ ವೈವಾದಲ್ಲಿ ಕೇಳ್ತಾರೆ, ಅರ್ಧ ಜನ ಮೇಲೆ ಫ್ಯಾನ್ ನೋಡ್ತಾರೆ.

ನಾಲ್ಕೂ ಅಲ್ಲೇ ಇದೆ. ಜೋಡಿಯಾಗಿ ಒಟ್ಟೊಟ್ಟಿಗೆ ಮುಚ್ಚೋದ್ರಿಂದ ಎರಡು ಸದ್ದು ಒಂದಾಗಿ ಕೇಳತ್ತೆ. ಇಬ್ಬರು ಒಟ್ಟಿಗೆ ಚಪ್ಪಾಳೆ ಹೊಡೆದ ಹಾಗೆ. ಆದ್ರೆ ಪೂರ್ತಿ ಒಟ್ಟಿಗೆ ಅಲ್ಲ, ಎಡಗಡೆದು ಒಂದು ಕೂದಲೆಳೆ ಮೊದ್ಲು. ಲಬ್‌ನಲ್ಲಿ ಈ ವ್ಯತ್ಯಾಸ ಕಿವಿಗೆ ಸಿಗೋದು ಕಷ್ಟ. ಡಬ್‌ನಲ್ಲಿ ಸಿಗತ್ತೆ, ಅದೂ ಉಸಿರು ಒಳಗೆ ಎಳೆದಾಗ.

ಯಾಕೆ ಅಂದ್ರೆ, ಉಸಿರು ಎಳೆದಾಗ ಎದೆಗೂಡು ಹಿಗ್ಗಿ ಒಳಗಿನ ಒತ್ತಡ ಇಳಿಯತ್ತೆ, ಮೈಯಿಂದ ವಾಪಸ್ ಬರೋ ರಕ್ತ ಬಲಗಡೆ ಕೋಣೆಗೆ ಜಾಸ್ತಿ ನುಗ್ಗತ್ತೆ, ಜಾಸ್ತಿ ಬಂದದ್ದನ್ನ ಆಚೆ ಕಳಿಸೋಕೆ ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕಲ್ಲ, ಹಾಗಾಗಿ ಪಲ್ಮನರಿ ವಾಲ್ವು ಲೇಟಾಗಿ ಮುಚ್ಚತ್ತೆ. ಅದೇ ಹೊತ್ತಿಗೆ ಎಡಗಡೆಗೆ ಬರೋ ರಕ್ತ ಚೂರು ಕಮ್ಮಿಯಾಗಿ ಅಯೋರ್ಟಿಕ್ ಬೇಗ ಮುಚ್ಚತ್ತೆ. 'ಡಬ್' ಅನ್ನೋದು 'ಡ್ರಬ್' ಅಂತ ಒಡೆಯತ್ತೆ. ಉಸಿರು ಬಿಟ್ಟಾಗ ಮತ್ತೆ ಒಂದೇ. ಡಾಕ್ಟ್ರು ಎದೆ ಮೇಲೆ ಸ್ಟೆಥಾಸ್ಕೋಪ್ ಇಟ್ಕೊಂಡೇ 'ಉಸಿರು ತಗೊಳ್ಳಿ, ಬಿಡಿ' ಅಂದ್ರೆ ಯಾವಾಗ್ಲೂ ಶ್ವಾಸಕೋಶ ನೋಡ್ತಿದ್ದಾರೆ ಅಂತಲ್ಲ, ಇದನ್ನೂ ಕೇಳ್ತಿರಬಹುದು. ಮೇಲಿನ ಎರಡು ಕೋಣೆ ಮಧ್ಯದ ಗೋಡೇಲಿ ಹುಟ್ಟಿನಿಂದ ತೂತಿದ್ದೋರಲ್ಲಿ ಈ ಒಡಕು ಉಸಿರು ಎಳೆದ್ರೂ ಬಿಟ್ರೂ ಹಾಗೇ ಇರತ್ತೆ, ಬದಲಾಗಲ್ಲ. ಮಶೀನ್ ಬರೋಕೆ ಮೊದ್ಲು ಹಳಬರು ಆ ತೂತನ್ನ ಬರೀ ಕಿವೀಲಿ ಊಹಿಸ್ತಿದ್ದದ್ದು ಹೀಗೇ.

ರಾತ್ರಿ ಹೋಟೆಲ್ ಬಂದ್ ಮಾಡಿ ಮಲಗುವಾಗ ಒಂದೂವರೆ ಆಗ್ತದೆ. ಎಡಗಡೆ ಮಗ್ಗುಲಾದ್ರೆ ದಿಂಬಿನೊಳಗೆ ಲಬ್ ಡಬ್ ಕೇಳ್ತದೆ, ನಿದ್ರೆ ಬರೂದಿಲ್ಲ. ಹಗಲಿಗೆ ಏನೂ ಇಲ್ಲ. ಹಾರ್ಟ್ ಪ್ರಾಬ್ಲಮ್ಮಾ?
ಕ್ಯಾಶಿಯರ್, ಘಾಟ್ಕೋಪರ್

ಹಗಲಿಗೂ ಇದೆ ಮಾರಾಯ್ರೆ, ದಿನಕ್ಕೆ ಲಕ್ಷದ ಮೇಲೆ ಬಡೀತದೆ. ಆದ್ರೆ ಹಗಲು ನಿಮ್ಮ ಕಿವಿಗೆ 'ಎರಡು ಇಡ್ಲಿ ಒಂದು ಮೆದುವಡ' ಕೂಗು, ಗ್ರೈಂಡರು, ರಿಕ್ಷಾ ಹಾರ್ನು, ಲೋಕಲ್ಲು ಇದೆಲ್ಲ ಇರೋವಾಗ ಪಾಪ ಹೃದಯದ ಸದ್ದು ಎಲ್ಲಿ ಕೇಳ್ಬೇಕು. ಕೊನೇ ಲೋಕಲ್ ಹೋದ ಮೇಲೆ ಈ ಊರು ಚೂರು ಬಾಯಿ ಮುಚ್ಚತ್ತಲ್ಲ, ಆಗ ಅದಕ್ಕೆ ಚಾನ್ಸು. ಎಡಕ್ಕೆ ಮಗ್ಗುಲಾದಾಗ ಹೃದಯದ ತುದಿ ಎದೆಗೂಡಿನ ಗೋಡೆಗೆ ಹತ್ತಿರ ಬರತ್ತೆ, ಬಡಿತ ಜಾಸ್ತಿ ಗೊತ್ತಾಗತ್ತೆ. ನಾವೂ ಮೈಟ್ರಲ್ ವಾಲ್ವಿನ ಸಣ್ಣ ಸದ್ದು ಕೇಳ್ಬೇಕಂದ್ರೆ ಪೇಷಂಟನ್ನ ಎಡಕ್ಕೆ ಮಲಗಿಸೇ ಕೇಳೋದು. ದಿಂಬಿಗೆ ಒತ್ತಿಕೊಂಡ ಕಿವಿಗೆ ಹೊರಗಿನ ಸದ್ದು ಬಂದ್, ಒಳಗಿಂದು ಮಾತ್ರ. ಬಲಕ್ಕೆ ಮಲಗಿ ನೋಡಿ.

ಮತ್ತೆ ನೀವು ಬರೆದಿಲ್ಲ, ನಾನು ಕೇಳ್ತೀನಿ, ಗಲ್ಲಾದಲ್ಲಿ ಕೂತು ದಿನಕ್ಕೆ ಎಷ್ಟು ಕಟಿಂಗ್ ಚಾ? ಹನ್ನೊಂದು ಗಂಟೆ ಮೇಲಿಂದು ಬಿಡಿ. ಬಡಿತ ತಾಳ ತಪ್ಪಿ ಹೇಗೆಹೇಗೋ ಬಡಿದ್ರೆ, ತಲೆ ತಿರುಗಿದ್ರೆ, ಮೆಟ್ಟಿಲು ಹತ್ತೋವಾಗ ಎದೆ ಹಿಡಿದ್ರೆ ಅಥವಾ ಉಸಿರು ಕಟ್ಟಿದ್ರೆ ಆವಾಗ ನನ್ನ ಕಾಲಂ ಓದ್ತಾ ಕೂರ್ಬೇಡಿ, ಹೋಗಿ ಇಸಿಜಿ ಮಾಡಿಸಿ. ಒಂದೇ ಕಿವೀಲಿ ಹಗಲು ರಾತ್ರಿ ಸುಯ್ ಸುಯ್ ಅಂತ ನಾಡಿ ಜೊತೆ ಕೇಳ್ತಿದ್ರೂ ತೋರಿಸಿ, ಅದು ಬೇರೆ ವಿಷಯ.

ಡಾಕ್ಟರ್ ಸಾಹೇಬ್ರ, ಮಗಳಿಗೆ ಆರು ವರ್ಷ. ಜ್ವರಕ್ಕಂತ ಕರ್ಕೊಂಡ್ ಹೋದ್ರ ಡಾಕ್ಟರು ಎದಿಯೊಳಗ ಮರ್ಮರ್ ಐತಿ ಅಂದ್ರು. ಮನ್ಯಾಗ ನಮ್ಮವ್ವ ಊಟ ಬಿಟ್ಟು ಕುಂತಾಳ. ಹುಡುಗಿ ಮಾತ್ರ ಆರಾಮ್ ಆಡ್ಕೊಂಡ್ ಐತ್ರಿ. ಏನ್ ಮಾಡೋದು?
ಪುಣೆಯಿಂದ ಒಬ್ಬ ತಂದೆ

ಮೊದ್ಲು ಅವ್ವಗ ಊಟ ಮಾಡ್ಸ್ರಿ.

ಲಬ್ ಡಬ್ ಅನ್ನೋದು ಬಾಗಿಲ ಸದ್ದು ಅಂದೆ. ಮರ್ಮರ್ ಅನ್ನೋದು ಎರಡು ಸದ್ದಿನ ನಡುವೆ ರಕ್ತ ಹರಿಯೋ ಸದ್ದು. ಹೊಳೆ ನೀರು ಆಳ ಇದ್ದಲ್ಲಿ ಸುಮ್ನೆ ಹೋಗತ್ತೆ, ಬಂಡೆ ಸಿಕ್ಕಲ್ಲಿ, ಇಕ್ಕಟ್ಟಾದಲ್ಲಿ, ನೀರಿನ ಓಟ ಜಾಸ್ತಿಯಾದಲ್ಲಿ ಝುಳುಝುಳು ಅನ್ನತ್ತಲ್ಲ, ಹಾಗೆ. ಬಂಡೆ ಇದ್ರೆ, ಅಂದ್ರೆ ವಾಲ್ವು ಕಿರಿದಾಗಿದ್ರೆ, ಸೋರ್ತಿದ್ರೆ, ತೂತಿದ್ರೆ ಅದು ರೋಗ. ಬರೀ ಓಟ ಜಾಸ್ತಿ ಇದ್ರೆ ರೋಗ ಅಲ್ಲ. ಮಕ್ಕಳ ಎದೆ ಗೋಡೆ ತೆಳು, ರಕ್ತದ ಓಟ ಜೋರು, ಜ್ವರ ಬಂದ್ರೆ ಇನ್ನೂ ಜೋರು, ರಕ್ತ ಕಮ್ಮಿ ಇದ್ರೂ ಜೋರು. ಹೀಗೆ ಗಟ್ಟಿಮುಟ್ಟಾದ ಮಕ್ಕಳಲ್ಲಿ ಕೇಳೋ ಮರ್ಮರ್‌ಗೆ ನಮ್ಮ ಭಾಷೇಲಿ 'ಇನೊಸೆಂಟ್' ಅಂತಲೇ ಹೆಸರು, ನಿರಪರಾಧಿ. ಇದು ಸಾಮಾನ್ಯವಾಗಿ ಮೆತ್ತಗೆ, ಗಿಡ್ಡಗೆ, ಲಬ್ ಮತ್ತು ಡಬ್ ನಡುವಿನ ಸಣ್ಣ ಗ್ಯಾಪಲ್ಲೇ ಇರತ್ತೆ, ಮಲಗಿದ್ರೆ ಒಂಥರಾ, ಎದ್ದು ಕೂತ್ರೆ ಇನ್ನೊಂಥರಾ. ಮರ್ಮರ್ ಡಬ್ ಆದ ಮೇಲಿನ ಉದ್ದ ಗ್ಯಾಪಲ್ಲಿ ಕೇಳಿದ್ರೆ ಅದನ್ನ ನಿರಪರಾಧಿ ಅಂತ ಬಿಡಲ್ಲ, ಮುಂದೆ ಪರೀಕ್ಷೆ ಮಾಡ್ಲೇಬೇಕು.

ಜ್ವರ ಪೂರ್ತಿ ಬಿಟ್ಟ ಮೇಲೆ ಮತ್ತೊಮ್ಮೆ ಕೇಳಿಸಿ. ಡಾಕ್ಟರಿಗೆ ಆಗ್ಲೂ ಅನುಮಾನ ಇದ್ರೆ ಎಕೋ ಮಾಡಿಸ್ತಾರೆ, ಸೂಜಿ ಇಲ್ಲ, ನೋವಿಲ್ಲ, ವಾಲ್ವು ತೆರೆದು ಮುಚ್ಚೋದನ್ನ ಸ್ಕ್ರೀನ್ ಮೇಲೆ ನೀವೇ ನೋಡಬಹುದು. ಆಡೋವಾಗ ಬೇಗ ಸುಸ್ತಾಗಿ ಕೂರೋದು, ತುಟಿ ನೀಲಿ ಆಗೋದು, ತೂಕ ಏರದೆ ಇರೋದು, ಎಚ್ಚರ ತಪ್ಪೋದು, ಇಂಥದ್ದು ಇದ್ರೆ ಮಾತ್ರ ಕಾಯ್ಬೇಡಿ.

ಮುಂದೆ ಇನ್ನೊಬ್ಬ ಡಾಕ್ಟ್ರು 'ಮೂರನೇ ಸದ್ದು ಕೇಳ್ತಿದೆ' ಅಂತ ಹೇಳಿ ಮತ್ತೆ ಅವ್ವ ಊಟ ಬಿಡಬಾರದು ಅಂತ ಇದೂ ಹೇಳ್ತೀನಿ. ಡಬ್ ಆದ ಕೂಡ್ಲೆ ಮೇಲಿನ ಕೋಣೆಯಿಂದ ರಕ್ತ ಧುಮುಕಿ ಕೆಳಗಿನ ಕೋಣೆ ತುಂಬೋವಾಗ 'ಢುಂ' ಅಂತ ಮಂದ ಸದ್ದು ಬರತ್ತೆ ಕೆಲವರಲ್ಲಿ. ಮಕ್ಕಳಲ್ಲಿ, ಹರೆಯದವರಲ್ಲಿ, ಬಸುರಿಯರಲ್ಲಿ ಇದು ಸಹಜ. ನಲವತ್ತು ದಾಟಿದ ಮೇಲೆ ಕೇಳಿದ್ರೆ ಹೃದಯ ಸೋತಿದೆಯಾ ಅಂತ ನೋಡ್ಬೇಕು. ನಾಲ್ಕನೇದೂ ಒಂದಿದೆ, ಲಬ್‌ಗೆ ಸ್ವಲ್ಪ ಮೊದ್ಲು, ಮೇಲಿನ ಕೋಣೆ ಗಟ್ಟಿಯಾದ ಕೆಳಗಿನ ಕೋಣೆಗೆ ರಕ್ತ ನೂಕೋವಾಗ ಬರೋದು, ವರ್ಷಗಟ್ಟಲೆ ಬಿಪಿ ಇದ್ದೋರಲ್ಲಿ ಸಿಗತ್ತೆ. ಮಕ್ಕಳಿಗೂ ಅದಕ್ಕೂ ಸಂಬಂಧ ಇಲ್ಲ.

ಹೃದಯ ಎಡಕ್ಕೆ ಅಲ್ವಾ? ಇಲ್ಲಿ ಡಾಕ್ಟರು ಬಲಗಡೆನೂ ಇಟ್ಟು ಕೇಳಿದ್ರು, ಒಟ್ಟು ನಾಲ್ಕು ಜಾಗ. ಫೀಸು ಜಾಸ್ತಿ ತಗೊಳ್ಳೋಕಾ?
ವಾಸ್ಕೋ, ಗೋವಾ

ಫೀಸು ಜಾಸ್ತಿ ತಗೊಳ್ಳೋರು ಒಂದೇ ಜಾಗದಲ್ಲಿ, ಅದೂ ಶರ್ಟಿನ ಮೇಲಿಂದ ಇಟ್ಟು ಮುಗಿಸ್ತಾರೆ. ನಿಮ್ಮೋರು ಒಳ್ಳೆ ಡಾಕ್ಟರು, ಬಿಡಬೇಡಿ.

ನಾಲ್ಕು ವಾಲ್ವೂ ಎದೆ ಮಧ್ಯದ ಮೂಳೆ ಹಿಂದೆ ಅಂಗೈಯಗಲ ಜಾಗದಲ್ಲಿ ಒತ್ತೊತ್ತಾಗಿವೆ, ಅಲ್ಲೇ ಇಟ್ಟರೆ ಎಲ್ಲ ಕಲಸುಮೇಲೋಗರ. ಆದ್ರೆ ಪ್ರತಿ ವಾಲ್ವಿನ ಸದ್ದು ರಕ್ತ ಹೋಗೋ ದಿಕ್ಕಿಗೆ ಸಾಗಿ ಒಂದೊಂದು ಕಡೆ ಚೆನ್ನಾಗಿ ಕೇಳತ್ತೆ. ಅಯೋರ್ಟಿಕ್ ಆದ್ರೆ ಎದೆಮೂಳೆಯ ಬಲಕ್ಕೆ ಎರಡನೇ ಪಕ್ಕೆಲುಬಿನ ಸಂದು, ಪಲ್ಮನರಿ ಅದೇ ಮಟ್ಟದಲ್ಲಿ ಎಡಕ್ಕೆ, ಟ್ರೈಕಸ್ಪಿಡ್ ಎದೆಮೂಳೆಯ ಎಡ ಅಂಚಿನ ಕೆಳಭಾಗ, ಮೈಟ್ರಲ್ ಎಡ ಮೊಲೆತೊಟ್ಟಿನ ಕೆಳಗೆ ಐದನೇ ಸಂದು. ಮೇಲೆ ಡಬ್ ಜೋರು, ಕೆಳಗೆ ತುದೀಲಿ ಲಬ್ ಜೋರು. ಯಾವುದು ಲಬ್ ಅಂತ ಗೊಂದಲ ಆದ್ರೆ ಇನ್ನೊಂದು ಕೈಯ ಬೆರಳು ಕುತ್ತಿಗೆಯ ನಾಡಿ ಮೇಲೆ ಇಡಿ, ನಾಡಿ ಎಗರೋ ಜೊತೆಜೊತೆಗೇ ಬರೋದು ಲಬ್.

ಬಿಪಿ ನೋಡುವಾಗ ಕೈಯಲ್ಲಿ ಕೇಳೋ ಟಕ್ ಟಕ್ ಹೃದಯದ್ದೇನಾ?
ಠಾಣೆ

ಅಲ್ಲ. ಪಟ್ಟಿ ಒತ್ತಿ ಹಿಡಿದ ರಕ್ತನಾಳದಲ್ಲಿ ರಕ್ತ ತಡೆತಡೆದು ನುಗ್ಗೋ ಸದ್ದು ಅದು. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಇದನ್ನ ಬಿಪಿ ಅಳೆಯೋಕೆ ಬಳಸ್ಬಹುದು ಅಂತ ತೋರಿಸಿದ್ರು. ಪಟ್ಟಿ ಇಲ್ಲದೆ ಅದೇ ಜಾಗದಲ್ಲಿ ಸ್ಟೆಥಾಸ್ಕೋಪ್ ಇಡಿ, ಸದ್ದೇ ಇಲ್ಲ.

ಅಮ್ಮನಿಗೆ ವಾಲ್ವ್ ಬದಲಾಯಿಸಿ ಎಂಟು ವರ್ಷ. ರಾತ್ರಿ ಪಕ್ಕದಲ್ಲಿ ಮಲಗಿದ್ರೆ ವಾಚಿನ ಹಾಗೆ ಟಿಕ್ ಟಿಕ್ ಕೇಳುತ್ತೆ. ನನ್ನ ಮಗಳು ಅಜ್ಜಿ ಗಡಿಯಾರ ನುಂಗಿದ್ದಾರೆ ಅಂತಾಳೆ. ಸರಿ ಇದೆಯಾ?
ಮುಲುಂಡ್

ಮೊಮ್ಮಗಳಿಗೆ ನನ್ನ ಕಡೆಯಿಂದ ಒಂದು ಚಾಕಲೇಟು. ಲೋಹದ ವಾಲ್ವು ಹಾಕಿದ್ದಾರೆ ಅಂತಾಯ್ತು, ಪ್ರಾಣಿಯ ಅಂಗಾಂಶದ್ದಾಗಿದ್ರೆ ಈ ಟಿಕ್ ಬರಲ್ಲ. ಮೊದ್ಲು ಹೇಳಿದೆನಲ್ಲ, ನಮ್ಮ ಸ್ವಂತ ವಾಲ್ವು ಒದ್ದೆ ಬಟ್ಟೆ ಥರ ಅಂತ, ಇದರಲ್ಲಿ ಗಟ್ಟಿ ಬಿಲ್ಲೆ ಗಟ್ಟಿ ಚೌಕಟ್ಟಿಗೆ ಬಡಿಯತ್ತೆ, ಇಲ್ಲಿ ನಿಜವಾಗ್ಲೂ ಬಾಗಿಲು ಬಡಿಯೋ ಸದ್ದೇ. ನಮ್ಮ ದೇಶದಲ್ಲೇ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ತಂಡದವರು ಇಂಥ ಓರೆಯಾಗೋ ಬಿಲ್ಲೆಯ ವಾಲ್ವು ತಯಾರಿಸಿ 1990ರಲ್ಲಿ ಮೊದಲ ಸಲ ಮನುಷ್ಯರಿಗೆ ಹಾಕಿದ್ರು, ಹೊರದೇಶದ್ದು ಕೊಳ್ಳೋಕಾಗದ ಎಷ್ಟೋ ಮನೆಗಳಿಗೆ ಅದರಿಂದ ಉಪಕಾರ ಆಯ್ತು.

ಟಿಕ್ ಕೇಳ್ತಿದೆ ಅಂದ್ರೆ ಖುಷಿಪಡಿ. ಆ ಟಿಕ್ ಮಂಕಾದ್ರೆ, ಕೇಳದೇ ಹೋದ್ರೆ, ಜೊತೆಗೆ ಅಮ್ಮನಿಗೆ ಉಸಿರಾಟ ಕಷ್ಟ ಆದ್ರೆ ಅದು ಎಮರ್ಜೆನ್ಸಿ, ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಬೆಳಗ್ಗೆ ನೋಡೋಣ ಅನ್ಬೇಡಿ. ರಕ್ತ ತೆಳು ಮಾಡೋ ಮಾತ್ರೆ ಒಂದು ದಿನಾನೂ ತಪ್ಪಬಾರದು, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ಡಾಕ್ಟರು ಹೇಳಿದ ಟೈಮಿಗೆ ಆಗ್ಬೇಕು, ಊರಿಗೆ ಹೋಗೋವಾಗ ಮಾತ್ರೆ ಬ್ಯಾಗಲ್ಲಿ ಹಾಕೋದು ಮರೀಬಾರದು.

ನರ್ಸಿಂಗಿಗೆ ಸೇರಿದ್ದೀನಿ, ಸ್ಟೆಥಾಸ್ಕೋಪ್ ತಗೊಂಡೆ. ಎಲ್ಲರಿಗೂ ಲಬ್ ಡಬ್ ಕೇಳ್ತಿದೆ, ನನಗೆ ಬರೀ ಗರಗರ. ಹಾಳಾದ ಪೀಸ್ ಕೊಟ್ರಾ?
ವಿದ್ಯಾರ್ಥಿನಿ, ಪನ್ವೇಲ್

ಪೀಸ್ ಸರಿ ಇರತ್ತೆ ಮಗು. ನನ್ನ ಮೊದಲ ವಾರದಲ್ಲಿ ನಾನೂ ಒಬ್ಬರ ಎದೇಲಿ ಭಯಂಕರ ರೋಗ ಕಂಡುಹಿಡಿದಿದ್ದೆ, ಸರ್ ಬಂದು ನೋಡಿದ್ರೆ ಅದು ಆ ಮನುಷ್ಯನ ಎದೆಗೂದಲು ಡಿಸ್ಕಿಗೆ ಉಜ್ಜೋ ಸದ್ದು. ಚೂರು ನೀರು ಹಚ್ಚಿ ಕೂದಲು ಒದ್ದೆ ಮಾಡು ಅಂದ್ರು, ರೋಗ ವಾಸಿಯಾಯ್ತು. ಬಟ್ಟೆ ಉಜ್ಜಿದ್ರೂ, ನಿನ್ನ ಬೆರಳು ಟ್ಯೂಬಿಗೆ ತಾಗಿದ್ರೂ ಗರಗರ.

ಬೇಜಾರು ಬೇಡ, ಹಳೇ ಕಾಲದಲ್ಲೂ ಇದೇ ಜಗಳ. 1628ರಲ್ಲಿ ಇಂಗ್ಲೆಂಡಿನ ಹಾರ್ವೆ ರಕ್ತ ಸುತ್ತೋದರ ಬಗ್ಗೆ ಬರೀತಾ ಎದೆಯಲ್ಲಿ ಸದ್ದು ಕೇಳತ್ತೆ ಅಂದ್ರೆ, ವೆನಿಸ್ಸಿನ ಒಬ್ಬ ವೈದ್ಯರು ನಮಗಂತೂ ಕೇಳಲ್ಲ, ಲಂಡನ್ನಲ್ಲಿ ಮಾತ್ರ ಕೇಳತ್ತೇನೋ ಅಂತ ಗೇಲಿ ಮಾಡಿದ್ರು. ಆಮೇಲೆ 1816ರಲ್ಲಿ ಲೆನೆಕ್, ಸ್ಥೂಲ ಮೈಯ ಹುಡುಗಿಯ ಎದೆಗೆ ಕಿವಿ ಇಡೋಕೆ ಸಂಕೋಚ ಆಗಿ ಕಾಗದ ಸುರುಳಿ ಸುತ್ತಿ ಇಟ್ಟು ಕೇಳಿದ್ರೆ ಕಿವಿ ಇಟ್ಟದ್ದಕ್ಕಿಂತ ಸ್ಪಷ್ಟ. ಬರೀ ಕಾಗದದ ಸುರುಳಿ ನೋಡು, ನಿನ್ನ ಹತ್ರ ಅದಕ್ಕಿಂತ ಎಷ್ಟೋ ಒಳ್ಳೇದಿದೆ.

ಕಿವಿಗೆ ಹಾಕೋ ತುದಿ ಮೂಗಿನ ಕಡೆ ಮುಖ ಮಾಡಿರ್ಬೇಕು, ಹೆಚ್ಚಿನವರು ಉಲ್ಟಾ ಹಾಕಿ ಒದ್ದಾಡೋದು. ತಲೆ ಎರಡು ಬದಿಯದ್ದಾದ್ರೆ ಯಾವ ಬದಿ ಆನ್ ಇದೆ ಅಂತ ತಟ್ಟಿ ನೋಡು. ಚಪ್ಪಟೆ ಡಿಸ್ಕ್ ಬದಿ ಗಟ್ಟಿ ಒತ್ತಿದ್ರೆ ಲಬ್ ಡಬ್ ಚೆನ್ನಾಗಿ ಸಿಗತ್ತೆ, ಬಟ್ಟಲಿನ ಥರದ ಬೆಲ್ ಬದಿ ಹಗುರ ಇಟ್ಟರೆ ಮೂರನೇದು, ನಾಲ್ಕನೇದರಂಥ ಮಂದ ಸದ್ದು. ಮೊದ್ಲು ನಿನ್ನ ಎದೆ ಮೇಲೇ ಇಟ್ಟು ಪ್ರಾಕ್ಟೀಸ್ ಮಾಡು, ಆಮೇಲೆ ಹಾಸ್ಟೆಲಿನ ಗೆಳತಿ, ಎಡಕ್ಕೆ ಮಲಗಿಸಿ, ಬಟ್ಟೆ ಮೇಲಿಂದ ಬೇಡ. ಕಣ್ಣು ಮುಚ್ಚಿ ಹತ್ತು ಬಡಿತ ಲಬ್ ಮಾತ್ರ ಕೇಳು, ಇನ್ನು ಹತ್ತು ಡಬ್ ಮಾತ್ರ, ಆಮೇಲೆ ನಡುವಿನ ಗ್ಯಾಪು. ಮತ್ತೆ ಫ್ಯಾನ್ ಆಫ್ ಮಾಡು, ಪನ್ವೇಲಿನ ಸೆಕೆಗೆ ಕಷ್ಟವೇ, ಆದ್ರೂ ಐದು ನಿಮಿಷ.